ಗಲ್ ಲೆಕ್ಕ ತಪ್ಪುವುದೇಕೆ?

ಪ್ರಶ್ನೆ: ಡಿಸೆಂಬರಿನಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಿಂದ ಗಲ್‌ನಂಥ ಕಡಲಹಕ್ಕಿ ಎಣಿಸಿದರೆ ಪ್ರತಿಸಲವೂ ಲೆಕ್ಕ ತಪ್ಪುತ್ತದೆ. ಏನು ಮಾಡಲಿ?

ಉತ್ತರ: ಮೊದಲ ದೋಣಿಗೇ ಹೋಗಿ. ಬೆಳಿಗ್ಗೆ ಪಡುವಣ ಕಡಲು ನೋಡುವಾಗ ಬಿಸಿಲು ಬೆನ್ನಿಗಿರುತ್ತದೆ. ಸಂಜೆಯಾಯಿತೋ, ಎಲ್ಲ ಹಕ್ಕಿಯೂ ಕರಿನೆರಳೇ. ಟೆಲಿಸ್ಕೋಪ್ 30 ಪಟ್ಟು ಸಾಕು. 60ಕ್ಕೆ ಏರಿಸಿದರೆ ಬಿಸಿಗಾಳಿಗೆ ನೋಟ ನಡುಗುತ್ತದೆ.

ಲೆಕ್ಕ ಕೆಡಿಸುವುದು ಮೀನುದೋಣಿ ಸುತ್ತುವ ಗುಂಪು. ಅವೇ ಹಕ್ಕಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಅವನ್ನು ಒಮ್ಮೆ ಮಾತ್ರ, ಬೇರೆಯಾಗಿ ಎಣಿಸಿ. ಉಳಿದಂತೆ ಒಂದು ಬಂಡೆಯ ನೇರ ಹಿಡಿದು, ಅದನ್ನು ದಾಟಿದವನ್ನಷ್ಟೇ 10 ನಿಮಿಷದ ಕಂತುಗಳಲ್ಲಿ, ಉತ್ತರಕ್ಕೆಷ್ಟು ದಕ್ಷಿಣಕ್ಕೆಷ್ಟು ಎಂದು ಬರೆಯಿರಿ.

ಚಳಿಗಾಲದಲ್ಲಿ ಕಂದುತಲೆ, ಕರಿತಲೆ ಗಲ್ ಎರಡರ ತಲೆಯೂ ಬಹುತೇಕ ಬಿಳಿ. ಹೆಸರು ನಂಬಬೇಡಿ, ರೆಕ್ಕೆ ನೋಡಿ. ಬೆಳೆದ ಕಂದುತಲೆಗೆ ಕಪ್ಪು ತುದಿಯಲ್ಲಿ ಬಿಳಿ ಬೊಟ್ಟು, ಕರಿತಲೆಗೆ ರೆಕ್ಕೆಯ ಮುಂಭಾಗದ ಅಂಚಿನಲ್ಲಿ ಬಿಳಿ ಪಟ್ಟಿ. ಕಾಣದಿದ್ದರೆ ‘ಗಲ್, ಜಾತಿ ತಿಳಿಯದು’ ಎಂದೇ ಬರೆಯಿರಿ.