ಮಂಡ್ಯದಲ್ಲಿ ಇದ್ದುಕೊಂಡೇ ಐಟಿ ಕಾಂಟ್ರಾಕ್ಟ್ ಕೆಲಸ ಹಿಡಿಯಬಹುದಾ?

8 ವರ್ಷ ಬೆಂಗಳೂರಿನಲ್ಲಿ ಜಾವಾ ಬ್ಯಾಕೆಂಡ್ ಕೆಲಸ ಮಾಡಿದ್ದೀರಿ, ತಂದೆಗೆ ಹಾರ್ಟ್ ತೊಂದರೆ, ಮಂಡ್ಯಕ್ಕೆ ವಾಪಸ್ ಹೋಗಿ ಕಾಂಟ್ರಾಕ್ಟ್ ಮೇಲೆ ದುಡಿಯಬೇಕು ಅಂದುಕೊಂಡಿದ್ದೀರಿ. ಅಲ್ಲಿ ಕೂತವನಿಗೆ ಯಾರು ಕೆಲಸ ಕೊಡುತ್ತಾರೆ ಅನ್ನೋದು ನಿಮ್ಮ ಪ್ರಶ್ನೆ. ಖಂಡಿತ ಕೊಡುತ್ತಾರೆ. ನಾನು ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲೇ ಕೂತು ಹಲವು ವರ್ಷಗಳಿಂದ ಕಾಂಟ್ರಾಕ್ಟ್ ಮೇಲೆಯೇ ಕೆಲಸ ಮಾಡುತ್ತಿದ್ದೇನೆ. ಆದರೆ ಆ ಕೆಲಸ ನಿಮಗೆ ಮಂಡ್ಯದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಇಷ್ಟು ವರ್ಷ ನಿಮ್ಮ ಜೊತೆ ಕೆಲಸ ಮಾಡಿದ ಜನರಿಂದ ಸಿಗುತ್ತದೆ. ಆದ್ದರಿಂದ ಬೆಂಗಳೂರು ಬಿಡುವ ಮೊದಲು ಏನೇನು ಮಾಡುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ.

ನೌಕ್ರಿ, ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲ್ ಹಾಕಿದ ಕೂಡಲೇ ರೆಕ್ರೂಟರ್‌ಗಳ ಫೋನ್ ಶುರುವಾಗುತ್ತದೆ. ಅದರಲ್ಲಿ ಬಹುಪಾಲು ಸ್ಟಾಫಿಂಗ್ ಕಂಪನಿಗಳದ್ದು. ಕ್ಲೈಂಟ್ ಒಬ್ಬರು, ಅವರಿಗೆ ಒಬ್ಬ ದೊಡ್ಡ ವೆಂಡರ್, ಆ ವೆಂಡರ್ ಕೆಳಗೆ ಇನ್ನೊಬ್ಬ ವೆಂಡರ್, ಕೊನೆಗೆ ನೀವು. ಪ್ರತಿ ಕೈಯೂ ತನ್ನ ಪಾಲು ಇಟ್ಟುಕೊಂಡೇ ಮುಂದಕ್ಕೆ ಕೊಡುತ್ತದೆ. ಅದರ ಮೇಲೆ ವಾರಕ್ಕೆ 3 ದಿನ ಆಫೀಸಿಗೆ ಬರಬೇಕು ಅನ್ನುವ ಮಾತು ಎರಡನೇ ಫೋನಿನಲ್ಲಿ ಹೊರಗೆ ಬರುತ್ತದೆ. ಮೊದಲ ಕಾಂಟ್ರಾಕ್ಟ್ ಸಿಗದೆ ಕೈ ಕಟ್ಟಿದ ಹಾಗಾದರೆ ಇದನ್ನು ತೆಗೆದುಕೊಳ್ಳಿ, ತಪ್ಪಿಲ್ಲ. ಆದರೆ ಇದನ್ನೇ ನಂಬಿ ರಾಜೀನಾಮೆ ಕೊಡಬೇಡಿ.

ನಂಬಬೇಕಾದ್ದು ನಿಮ್ಮ ಹಳೆಯ ಟೀಮ್‌ಗಳನ್ನು. 8 ವರ್ಷದಲ್ಲಿ ನಿಮ್ಮ ಜೊತೆಗಿದ್ದ ಲೀಡ್‌ಗಳು, ಮ್ಯಾನೇಜರ್‌ಗಳು ಈಗ ಬೇರೆ ಬೇರೆ ಕಂಪನಿ ಸೇರಿರುತ್ತಾರೆ. ಸಣ್ಣ ಪ್ರಾಡಕ್ಟ್ ಕಂಪನಿಗಳಲ್ಲಿ ಇರುವವರಿಗೆ ಆರು ತಿಂಗಳ ಮಟ್ಟಿಗೆ ಒಬ್ಬ ಗಟ್ಟಿ ಕೈ ಬೇಕಾಗಿರುತ್ತದೆ, ಜಾಹೀರಾತು ಹಾಕಿ ಹುಡುಕುವಷ್ಟು ಪುರುಸೊತ್ತು ಇರುವುದಿಲ್ಲ. ಅವರಿಗೆ ಒಬ್ಬೊಬ್ಬರಿಗೇ ಬರೆಯಿರಿ, ಗ್ರೂಪಿನಲ್ಲಿ ಹಾಕಬೇಡಿ. ಉದ್ದ ಬೇಡ. 'ಜೂನ್‌ನಿಂದ ಕಾಂಟ್ರಾಕ್ಟ್ ಕೆಲಸಕ್ಕೆ ಸಿಗುತ್ತೇನೆ. ಜಾವಾ, ಸ್ಪ್ರಿಂಗ್, ಪೇಮೆಂಟ್ ಇಂಟಿಗ್ರೇಷನ್. ಮಂಡ್ಯದಿಂದ ಕೆಲಸ, ಬೇಕಾದ ದಿನ ಬೆಂಗಳೂರಿಗೆ ಬರುತ್ತೇನೆ' ಅಂದರೆ ಸಾಕು. ಯಾವ ಕೆಲಸಕ್ಕೆ ಕರೆಯಬಹುದು ಅಂತ ಅವರಿಗೆ ತಕ್ಷಣ ಗೊತ್ತಾಗಬೇಕು. ಏನು ಬೇಕಾದರೂ ಮಾಡುತ್ತೇನೆ ಅಂತ ಬರೆದವರನ್ನು ಯಾವುದಕ್ಕೂ ಕರೆಯುವುದಿಲ್ಲ. ಒಂದು ಎಚ್ಚರಿಕೆ: ಈಗಿನ ಕಂಪನಿಯ ಕ್ಲೈಂಟ್‌ಗಳ ಹತ್ತಿರ ಇಷ್ಟು ತಿಂಗಳು ಕೆಲಸ ತೆಗೆದುಕೊಳ್ಳುವಂತಿಲ್ಲ ಅನ್ನುವ ಷರತ್ತು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಇರಬಹುದು. ಮೊದಲು ಅದನ್ನು ತೆಗೆದು ಓದಿ.

ಬೆಂಗಳೂರಿಗೆ ಬರುತ್ತೇನೆ ಅನ್ನೋದನ್ನು ಧೈರ್ಯವಾಗಿ ಬರೆಯಿರಿ. ಮಂಡ್ಯದಿಂದ ಸುಮಾರು 100 ಕಿಲೋಮೀಟರ್. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದರೆ ಆಫೀಸ್ ಹೊತ್ತಿಗೆ ಅಲ್ಲಿ, ಸಂಜೆ ಅದೇ ರೈಲಿನಲ್ಲಿ ವಾಪಸ್. ಬೈಕಿನಲ್ಲಿ ಹೋಗುವ ಯೋಚನೆ ಇದ್ದರೆ ನೆನಪಿಡಿ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ತಿಂಗಳಿಗೆ ಒಂದೆರಡು ಸಲ ಮುಖ ತೋರಿಸಿ ಟೀಮ್ ಜೊತೆ ಊಟ ಮಾಡಿ ಬರುವವರನ್ನು ಕ್ಲೈಂಟ್ ಬೇಗ ಬಿಟ್ಟುಕೊಡುವುದಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ರೇಟ್ ಮಾತಾಡುವಾಗ ತಿಂಗಳ ಸಂಬಳದ ಲೆಕ್ಕ ಬಿಡಿ. ವರ್ಷದ 365 ದಿನದಲ್ಲಿ ಶನಿವಾರ, ಭಾನುವಾರ ಕಳೆದರೆ 261. ಹಬ್ಬ, ರಜೆ, ಒಂದು ಕಾಂಟ್ರಾಕ್ಟ್ ಮುಗಿದು ಇನ್ನೊಂದು ಸಿಗುವ ತನಕದ ಖಾಲಿ ದಿನ ಎಲ್ಲ ಕಳೆದು 220 ದಿನ ಬಿಲ್ ಮಾಡಬಹುದು ಅಂದುಕೊಳ್ಳಿ. ಈಗ ನಿಮ್ಮ ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 18 ಲಕ್ಷ ಆಗಿದ್ದರೆ ದಿನಕ್ಕೆ 8,200 ರೂಪಾಯಿ ಹತ್ತಿರ ಬರುತ್ತದೆ. ಇದು ತಳಪಾಯ, ಇದಕ್ಕಿಂತ ಮೇಲಿನಿಂದಲೇ ಮಾತು ಶುರುವಾಗಲಿ. ಮಂಡ್ಯದಲ್ಲಿ ಖರ್ಚು ಕಮ್ಮಿ ಅಲ್ವಾ, ಸ್ವಲ್ಪ ಇಳಿಸಿ ಅಂತ ಕೇಳೇ ಕೇಳುತ್ತಾರೆ. ಇಳಿಸಬೇಡಿ. ನೀವು ಬರೆಯುವ ಕೋಡ್ ಅದೇ, ಅವರಿಗೆ ಆಗುವ ಉಪಯೋಗವೂ ಅದೇ.

ಈಗ ದುಡ್ಡು ಕೈಗೆ ಬರುವ ವಿಷಯ. ಅಗ್ರಿಮೆಂಟ್ ಬಂದಾಗ ಮೊದಲು ಪೇಮೆಂಟ್ ಭಾಗ ಓದಿ. ಎಂಡ್ ಕ್ಲೈಂಟ್‌ನಿಂದ ಹಣ ಬಂದ ಮೇಲೆ ನಿಮಗೆ ಕೊಡಲಾಗುವುದು ಅಂತ ಒಂದು ಸಾಲು ನಡುವೆ ಎಲ್ಲೋ ಸೇರಿಕೊಂಡಿರುತ್ತದೆ. ಅದನ್ನು ತೆಗೆಸಿ, ಇನ್‌ವಾಯ್ಸ್ ಕೊಟ್ಟ 30 ದಿನದಲ್ಲಿ ಅಂತ ಬರೆಸಿ. ಕೆಲಸಕ್ಕೆ ಸೇರುವ ಮೊದಲೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ, ಮಾಡಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಆಗುತ್ತದೆ, ಒಂದು ಪೈಸೆ ಕೊಡಬೇಕಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರಿಸುವಂತಿಲ್ಲ. ಮೀರಿಸಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ 3 ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ನನ್ನ ಇನ್‌ವಾಯ್ಸ್ ಒಂದನ್ನು ತಿಂಗಳುಗಟ್ಟಲೆ ಎಳೆದಾಡುತ್ತಿದ್ದ ಕಂಪನಿಗೆ ಉದ್ಯಮ್ ನಂಬರ್ ಹಾಕಿ ಈ ನಿಯಮ ನೆನಪಿಸಿ ಮೇಲ್ ಕಳಿಸಿದೆ. ಅಕೌಂಟ್ಸ್‌ನವರೇ ಫೋನ್ ಮಾಡಿದರು. ಅಂದಿನಿಂದ ಪ್ರತಿ ಇನ್‌ವಾಯ್ಸ್‌ನ ತಲೆಯಲ್ಲೇ ಆ ನಂಬರ್ ಇರುತ್ತದೆ.

ತೆರಿಗೆಗೆ ಮಂಡ್ಯದಲ್ಲೇ ಒಬ್ಬ ಆಡಿಟರ್ ಹಿಡಿಯಿರಿ. ಸಾಮಾನ್ಯವಾಗಿ ಕ್ಲೈಂಟ್‌ಗಳು 10% ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಉಳಿದದ್ದು ಕೊಡುತ್ತಾರೆ, ರಿಟರ್ನ್ ಹಾಕುವಾಗ ಅದು ಲೆಕ್ಕಕ್ಕೆ ಬರುತ್ತದೆ. ಆಡಿಟರ್‌ಗಳು 44ಎಡಿಎ ಅಂತ ಕರೆಯುವ ಅನುಕೂಲ ನಿಮ್ಮ ಕೆಲಸಕ್ಕೆ ಅನ್ವಯಿಸುತ್ತದಾ ಕೇಳಿ. ಅನ್ವಯಿಸಿದರೆ ಬಿಲ್ಲಿಂಗ್‌ನ ಅರ್ಧವನ್ನು ಮಾತ್ರ ಆದಾಯ ಅಂತ ತೋರಿಸಬಹುದು. ವರ್ಷದ ಬಿಲ್ಲಿಂಗ್ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ಮನೆಯ ಏರ್ಪಾಡಿನಲ್ಲಿ ಜನ ಮರೆಯುವ ಒಂದು ವಿಷಯ ಹೇಳುತ್ತೇನೆ. ಯುಪಿಎಸ್ ಹಾಕಿಸಿದ್ದೇನೆ, ಫೈಬರ್ ಇದೆ ಅಂತ ನೆಮ್ಮದಿಯಾಗಿ ಇರುತ್ತಾರೆ. ಚೆಸ್ಕಾಂನವರು ಲೈನ್ ಕೆಲಸಕ್ಕೆ ಕರೆಂಟ್ ತೆಗೆದ ದಿನ ಲ್ಯಾಪ್‌ಟಾಪ್ ಓಡುತ್ತಿರುತ್ತದೆ, ನೆಟ್ ಮಾತ್ರ ಇಲ್ಲ. ಯಾಕೆ ಅಂದರೆ ಬೀದಿಯ ಕಂಬದ ಮೇಲೆ ಕೇಬಲ್‌ನವರು ಕೂರಿಸಿರುವ ಬಾಕ್ಸಿಗೆ ಬ್ಯಾಕಪ್ ಇರುವುದಿಲ್ಲ. ಲೈನ್ ತೆಗೆದುಕೊಳ್ಳುವ ಮೊದಲು ಆಪರೇಟರ್‌ಗೆ ಇದನ್ನೇ ಕೇಳಿ, ಮತ್ತೆ ಬೇರೆ ಕಂಪನಿಯ ಸಿಮ್ ಒಂದು ಜೊತೆಗಿರಲಿ.

ನಿಮ್ಮ ಪರಿಸ್ಥಿತಿಗೆ ಬ್ರಿಟನ್ ಕ್ಲೈಂಟ್ ಸಿಕ್ಕರೆ ತುಂಬಾ ಒಳ್ಳೆಯದು. ಅಲ್ಲಿ ಬೆಳಗ್ಗೆ 9 ಅಂದರೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1:30, ಚಳಿಗಾಲದಲ್ಲಿ 2:30. ತಂದೆಯನ್ನು ಬೆಳಗ್ಗೆ ಮೈಸೂರಿನ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ, ಅವರ ಊಟ ಮಾತ್ರೆ ಮುಗಿಸಿ ಕೆಲಸಕ್ಕೆ ಕೂರಬಹುದು. ಅಮೆರಿಕದವರಾದರೆ ರಾತ್ರಿ ನಿದ್ದೆ ಹೋಗುತ್ತದೆ, ಹಗಲು ತಂದೆಯನ್ನು ನೋಡಿಕೊಳ್ಳಲು ನಿಮ್ಮಲ್ಲಿ ಶಕ್ತಿ ಉಳಿಯುವುದಿಲ್ಲ.

ಇನ್ನೊಂದು ಇದೆ, ದಯವಿಟ್ಟು ಇದನ್ನು ಈ ವಾರವೇ ಮಾಡಿ. ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ತಂದೆಯ ಹೆಸರಿದ್ದರೆ, ನೀವು ಕೆಲಸ ಬಿಟ್ಟಾಗ ಅದೂ ಹೋಗುತ್ತದೆ. ಹಾರ್ಟ್ ತೊಂದರೆ ಇರುವವರಿಗೆ ಹೊಸ ಪಾಲಿಸಿ ಮಾಡಿಸಿದರೆ ಹಳೆಯ ಕಾಯಿಲೆಗೆ 3 ವರ್ಷದವರೆಗೆ ಕಾಯಬೇಕಾಗಬಹುದು, ಕೆಲವರು ಪಾಲಿಸಿಯನ್ನೇ ಕೊಡುವುದಿಲ್ಲ. ಅದರ ಬದಲು ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಬಹುದು. ಹಾಗೆ ಆದರೆ ಗ್ರೂಪ್‌ನಲ್ಲಿ ಕಳೆದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಅರ್ಜಿ ಮಾತ್ರ ನೀವು ನೌಕರಿಯಲ್ಲಿ ಇರುವಾಗಲೇ ಕೊಟ್ಟುಬಿಡುವುದು ಒಳ್ಳೆಯದು. ಎಚ್‌ಆರ್ ಹತ್ತಿರ ಪಾಲಿಸಿ ನಂಬರ್ ಇಸ್ಕೊಂಡು ಇನ್ಶೂರೆನ್ಸ್‌ನವರಿಗೆ ನೀವೇ ಫೋನ್ ಮಾಡಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಅದು ಕೈಗೆ ಬಂದ ಮೇಲೆ ರಾಜೀನಾಮೆ ಕೊಡಿ.