ಮಂಗಳ ಗ್ರಹದ ಕಥೆ ಮೂರನೇ ಪುಟಕ್ಕೇ ನಿಲ್ಲುತ್ತಿದ್ದರೆ

ಮಂಗಳ ಗ್ರಹದ ಮೇಲೆ ನೀವು ಬರೆಯುವ ಕಥೆಗಳು ಪ್ರತಿ ಸಲ ಮೂರನೇ ಪುಟಕ್ಕೇ ನಿಂತುಬಿಡುತ್ತವೆ ಅಂದಿರಿ. ಅದಕ್ಕೆ ಕಾರಣ ಬಹುಶಃ ಇದು: ಗ್ರಹದ ವಿವರಣೆ ಜಾಸ್ತಿ, ಅಲ್ಲಿರುವ ಮನುಷ್ಯರಿಗೆ ಕಷ್ಟ ಕಡಿಮೆ. ಕಥೆ ಓದದೆ ಖಚಿತವಾಗಿ ಹೇಳಲಾರೆ.

ಮೊದಲು ಒಂದೇ ಒಂದು ವಿಜ್ಞಾನದ ಸಂಗತಿ ಹಿಡಿಯಿರಿ. ಭೂಮಿಯಿಂದ ಮಂಗಳಕ್ಕೆ ರೇಡಿಯೋ ಸಂದೇಶ ಮುಟ್ಟಲು ಸುಮಾರು 3ರಿಂದ 22 ನಿಮಿಷ ಬೇಕು, ಅಲ್ವಾ? ಆಮೇಲೆ, ಅದರಿಂದ ಯಾರಿಗೆ ಸಂಕಟ ಅಂತ ಯೋಚಿಸಿ. ಉದಾಹರಣೆಗೆ, ಇಲ್ಲಿ ಭೂಮಿಯಲ್ಲಿ ಅಮ್ಮ ಐಸಿಯುನಲ್ಲಿದ್ದಾಳೆ. ಅಲ್ಲಿ ಮಗಳು "ಉಸಿರಾಟ ಹೇಗಿದೆ?" ಅಂತ ಕೇಳಿ, ಪ್ರಶ್ನೆ ಹೋಗಿ ಉತ್ತರ ಬರಲು ಹೆಚ್ಚುಕಡಿಮೆ ಮುಕ್ಕಾಲು ಗಂಟೆವರೆಗೂ ಕಾಯಬೇಕು. ಕಥೆ ಆ ಕಾಯುವಿಕೆಯಿಂದಲೇ ಶುರುವಾಗಲಿ. ಆಮ್ಲಜನಕದ ಟ್ಯಾಂಕು, ಕೆಂಪು ದೂಳು ಎಲ್ಲ ಅವಳ ಕೈಗೆ ತಾಗಿದಾಗ ಮಾತ್ರ ಬರಲಿ.

1,500 ಪದದೊಳಗೆ ಮುಗಿಸಿ. ಮುಗಿಯುವವರೆಗೆ ಮೊದಲ ಪುಟ ತಿದ್ದಲೇಬೇಡಿ.