ಎರಡು ರಾತ್ರಿ ಬೇಕೆ, ಒಂದು ಸಾಕೆ?

ಓದುಗರ ಪತ್ರ

ಬೇಸಿಗೆ ರಜೆಯಲ್ಲಿ ನಂದಿಬೆಟ್ಟದ ತಪ್ಪಲಿನ ಒಂದು ರೆಸಾರ್ಟ್‌ನಲ್ಲಿ ವಾರಾಂತ್ಯದ ಎರಡು ರಾತ್ರಿ ತಂಗೋಣವೆಂದು ಮಕ್ಕಳು ಹಟ ಹಿಡಿದಿದ್ದಾರೆ. ದೊಡ್ಡವರಿಗೆ ದಿನಕ್ಕೆ ತಲಾ 4,200 ರೂಪಾಯಿ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅದರ ಅರ್ಧ; ಊಟ ತಿಂಡಿ ಸೇರಿದೆ, ತೆರಿಗೆ ಬೇರೆ. ನಾನು, ಯಜಮಾನರು, ಅತ್ತೆ, ಮಾವ, ಹದಿಮೂರು ವರ್ಷದ ಮಗ, ಏಳು ವರ್ಷದ ಮಗಳು, ಒಟ್ಟು ಆರು ಜನ. ಸುಮಾರು 45 ಸಾವಿರ ಆಗಬಹುದು. ನಮ್ಮದು ಗೊಬ್ಬರದ ಅಂಗಡಿ, ನಮಗಿದು ದೊಡ್ಡ ಮೊತ್ತವೇ. ಮಾವನವರು "ನನಗೆ ಇಲ್ಲೇ ಚೆನ್ನಾಗಿದೆ" ಎನ್ನುತ್ತಾರೆ. ಮಂಡಿನೋವಿನ ಅತ್ತೆಗೆ ಭೋಗನಂದೀಶ್ವರನ ದರ್ಶನವಾದರೆ ಸಾಕಂತೆ. ಹಿರಿಯರನ್ನು ಬಿಟ್ಟು ಹೋದರೆ ನೋಡಿದವರು ಏನೆಂದಾರು ಎಂಬುದು ಯಜಮಾನರ ಚಿಂತೆ. ಶಿಡ್ಲಘಟ್ಟದ ನಾದಿನಿ ಬೇಸಿಗೆಯಲ್ಲಿ ಬಂದು ಕೆಲವು ದಿನ ನಮ್ಮಲ್ಲಿರುತ್ತಾರೆ. ಹೋದರೆ ನನಗೂ ಸ್ವಲ್ಪ ವಿರಾಮ ಸಿಕ್ಕೀತು. ಇಷ್ಟು ಖರ್ಚು ಮಾಡಬಹುದೆ? ರೆಸಾರ್ಟ್‌ನವರು 25 ವರ್ಷದ ಸದಸ್ಯತ್ವದ ವಿಚಾರವನ್ನೂ ಹೇಳುತ್ತಿದ್ದಾರೆ. ದರಪಟ್ಟಿಯನ್ನು ಲಗತ್ತಿಸಿದ್ದೇನೆ.
– ಒಬ್ಬ ಗೃಹಿಣಿ, ಚಿಂತಾಮಣಿ

ಸಂಪಾದಕರ ಉತ್ತರ

ಮಾನ್ಯರೆ,

ಮೊದಲು ಮೊತ್ತವನ್ನು ಸರಿಯಾಗಿ ಕೂಡಿಸಿಕೊಳ್ಳೋಣ. ಹದಿಮೂರು ತುಂಬಿರುವ ನಿಮ್ಮ ಮಗ ಮನೆಯಲ್ಲಿ ಇನ್ನೂ ಹುಡುಗನಾದರೂ ದರಪಟ್ಟಿಯ ಪ್ರಕಾರ ದೊಡ್ಡವನು. ಹಾಗಾಗಿ ಐದು ಜನ ದೊಡ್ಡವರಿಗೆ 21,000, ಮಗಳಿಗೆ 2,100, ಒಟ್ಟು ಒಂದು ರಾತ್ರಿಗೆ 23,100 ಮತ್ತು ಎರಡು ರಾತ್ರಿಗೆ 46,200 ರೂಪಾಯಿ. ನೀವು ಹೇಳಿದ 45 ಸಾವಿರ ಇಲ್ಲಿಗೆ ಸರಿಹೋಗುತ್ತದೆ, ಆದರೆ "ತೆರಿಗೆ ಬೇರೆ" ಎಂಬ ಎರಡು ಪದಗಳನ್ನು ನೀವು ಲೆಕ್ಕಕ್ಕೆ ಹಿಡಿದಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿರುವ ಜಿಎಸ್‌ಟಿ ದರದಂತೆ ಒಂದು ಕೊಠಡಿಗೆ ದಿನವೊಂದಕ್ಕೆ 7,500 ರೂಪಾಯಿಯವರೆಗೆ ಬಾಡಿಗೆಯಿದ್ದರೆ ಶೇ 5, ಅದನ್ನು ಮೀರಿದರೆ ಶೇ 18 ತೆರಿಗೆ ಬೀಳುತ್ತದೆ. ನಿಮ್ಮ ಆರು ಮಂದಿಗೆ ಎರಡು ಕೊಠಡಿ ಕೊಟ್ಟರೆ ಒಂದಕ್ಕೆ 11,550 ಆಗುತ್ತದೆ. ಮೂರು ಕೊಟ್ಟರೂ 7,700, ಅಂದರೆ ಮಿತಿಗಿಂತ ಇನ್ನೂರು ರೂಪಾಯಿ ಹೆಚ್ಚು. ಆ ಇನ್ನೂರು ರೂಪಾಯಿಯ ದೆಸೆಯಿಂದ ರಾತ್ರಿಯೊಂದಕ್ಕೆ ಮೂರು ಸಾವಿರ ರೂಪಾಯಿಯಷ್ಟು ಹೆಚ್ಚುವರಿ ತೆರಿಗೆಯನ್ನು ನೀವು ತೆರಬೇಕಾಗುತ್ತದೆ. ಎಲ್ಲ ಸೇರಿ ಎರಡು ರಾತ್ರಿಯ ಬಿಲ್ಲು 54,516 ರೂಪಾಯಿ. ಕಾರಿನ ಪೆಟ್ರೋಲು, ಮಕ್ಕಳು ಅಲ್ಲಿ ಕೇಳುವ ಐಸ್‌ಕ್ರೀಮು ಇದರಲ್ಲಿಲ್ಲ.

ಇಷ್ಟು ಹಣಕ್ಕೆ ಅವರು ಏನು ಕೊಡುತ್ತಾರೆ ಎಂದು ದರಪಟ್ಟಿಯ ಹಿಂಬದಿಯನ್ನು ಓದಿದೆ. ಎತ್ತಿನಗಾಡಿ ಸವಾರಿ, ಹಸುವಿನ ಹಾಲು ಕರೆಯುವ ಅನುಭವ, ದ್ರಾಕ್ಷಿ ತೋಟದಲ್ಲಿ ನಡಿಗೆ, ಬಂಡೆಗಳ ನಡುವೆ ಸಂಜೆಯ ಚಹಾ, ರೇಷ್ಮೆಹುಳು ಸಾಕಣೆಯ ಪರಿಚಯ. ಇದನ್ನು ಬೆಂಗಳೂರಿನ ಹತ್ತನೆಯ ಅಂತಸ್ತಿನ ಮನೆಯಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಅವರ ಮಕ್ಕಳಿಗೆ ಹಸುವಿನ ಕೆಚ್ಚಲನ್ನು ಮುಟ್ಟುವುದು ನಿಜವಾಗಿಯೂ ಹೊಸದು. ಆದರೆ ಹಾಲು ಮತ್ತು ರೇಷ್ಮೆಯಿಂದಲೇ ಬದುಕು ಸಾಗಿಸುವ ಜಿಲ್ಲೆಯವರಾದ ನೀವು, ಕೈವಾರದ ಬೆಟ್ಟವನ್ನೂ ಅಂಬಾಜಿ ದುರ್ಗದ ಬಂಡೆಗಳನ್ನೂ ಮನೆಯ ಹತ್ತಿರವೇ ಇಟ್ಟುಕೊಂಡವರು, ಇವುಗಳಿಗೆ ಹಣ ಕೊಡಬೇಕಾಗಿಲ್ಲ. ನಿಮ್ಮ ಮಾವನವರನ್ನು ಹಾಲು ಕರೆಯುವ ಅನುಭವಕ್ಕೆ ಕರೆದರೆ ಅವರ ಮುಖ ಹೇಗಾದೀತೆಂದು ಊಹಿಸಿಯೇ ನನಗೆ ನಗು ಬಂತು. ನಂದಿಬೆಟ್ಟದ ಸೂರ್ಯೋದಯವನ್ನು ಅವರು ದರಪಟ್ಟಿಯಲ್ಲಿ ಸೇರಿಸಿದ್ದಾರಾದರೂ ಅದು ರೆಸಾರ್ಟ್‌ನ ಸ್ವತ್ತಲ್ಲ; ಶನಿವಾರ, ಭಾನುವಾರ ನಸುಕಿನಲ್ಲೇ ಬೆಟ್ಟದ ಬುಡದಲ್ಲಿ ವಾಹನಗಳು ಸಾಲುಗಟ್ಟುತ್ತವೆ, ರೆಸಾರ್ಟ್‌ನಲ್ಲಿ ಮಲಗಿ ಎದ್ದವರೂ ಆ ಸಾಲಿನಲ್ಲೇ ನಿಲ್ಲಬೇಕು.

ಹಾಗಾದರೆ ನಿಮ್ಮ ಪಾಲಿಗೆ ಉಳಿಯುವುದು ಮೂರು: ಈಜುಕೊಳ, ಬೇರೆಯವರು ಬೇಯಿಸಿ ಬಡಿಸುವ ಊಟ, ಬೆಳಿಗ್ಗೆ ಎದ್ದ ಕೂಡಲೇ ಯಾವ ಕೆಲಸವೂ ಕಾದಿರದ ಒಂದು ಮನೆ. ಇವು ಸಣ್ಣವೆಂದು ನಾನು ಹೇಳುವುದಿಲ್ಲ. ಆದರೆ ಇವುಗಳಲ್ಲಿ ಯಾವುದು ಯಾರಿಗೆ, ಎಷ್ಟು ಹೊತ್ತು ದಕ್ಕುತ್ತದೆ ಎಂಬುದನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಈಜುಕೊಳ ಮಕ್ಕಳಿಗೆ. ಕೊಠಡಿ ಕೊಡುವುದು ಮಧ್ಯಾಹ್ನ ಎರಡಕ್ಕೆ, ತೆರವು ಮಾಡಬೇಕಾದದ್ದು ಮರುದಿನ ಹನ್ನೊಂದಕ್ಕೆ, ಕೊಳ ಮುಚ್ಚುವುದು ಸಂಜೆ ಆರಕ್ಕೆ ಎಂದು ದರಪಟ್ಟಿಯಲ್ಲಿದೆ. ಊಟ ಮುಗಿಸಿ, ಸಾಮಾನು ಇಳಿಸಿ, ಮಕ್ಕಳು ನೀರಿಗಿಳಿಯುವ ಹೊತ್ತಿಗೆ ಮೂರೂವರೆ. ಮರುದಿನ ತಿಂಡಿಗೆ ಮುಂಚೆ ಇನ್ನೊಂದು ಗಂಟೆ. ಅಷ್ಟೇ ಹೊತ್ತಿಗೂ ಮಕ್ಕಳು ಕುಣಿದಾಡುತ್ತಾರೆ, ಅದು ನಿಜ. ಆ ಹೊತ್ತಿನಲ್ಲಿ ನೀವೇನು ಮಾಡುತ್ತಿರುತ್ತೀರಿ? ಇಂಥ ಕೊಳದ ದಡದಲ್ಲಿ ತಪ್ಪದೆ ಕಾಣುವ ಒಂದು ದೃಶ್ಯವಿದೆ: ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಸೀರೆಯುಟ್ಟು ಕುಳಿತ ತಾಯಿ, ಮಡಿಲಲ್ಲಿ ಒದ್ದೆಯಾದ ಟವೆಲ್ಲುಗಳು, ಕೈಯಲ್ಲಿ ಗಂಡನ ಕನ್ನಡಕ ಮತ್ತು ಮೊಬೈಲು, ಕಾಲ ಬಳಿ ಮನೆಮಂದಿಯ ಚಪ್ಪಲಿಗಳೆಲ್ಲ. ಹತ್ತಿ ಬಟ್ಟೆಯ ನೂಲು ಬಿಟ್ಟುಕೊಂಡು ಫಿಲ್ಟರ್ ಕಟ್ಟಿಕೊಳ್ಳುತ್ತದೆಂಬ ಕಾರಣಕ್ಕೆ ನೈಲಾನ್ ಉಡುಪಿಲ್ಲದವರನ್ನು ನೀರಿಗೆ ಬಿಡುವುದಿಲ್ಲ, ಆ ಉಡುಪನ್ನು ತೊಟ್ಟು ಎಲ್ಲರೆದುರು ಇಳಿಯಲು ಅವರಿಗೆ ಮನಸ್ಸಿಲ್ಲ. ಕೊಳಕ್ಕೆ ಇಳಿದವರಷ್ಟೇ ಹಣವನ್ನು ಆ ಕುರ್ಚಿಗೂ ಕೊಡಲಾಗಿರುತ್ತದೆ. ನೀವು ಇಳಿಯುವವರಾದರೆ ನಾನು ಹೇಳಿದ್ದನ್ನು ಮರೆತುಬಿಡಿ, ಮಕ್ಕಳ ಉಡುಪಿನ ಜೊತೆಗೆ ನಿಮ್ಮದನ್ನೂ ಚಿಂತಾಮಣಿಯಲ್ಲೇ ಕೊಂಡುಕೊಳ್ಳಿ.

ಊಟದ ವಿಚಾರಕ್ಕೆ ಬರುತ್ತೇನೆ. ರಾತ್ರಿಯೂಟ ಎಂಟೂವರೆಗೆ ಆರಂಭವಂತೆ. ಏಳೂವರೆಗೆ ಮುದ್ದೆ, ಬಸ್ಸಾರು ಉಂಡು ಒಂಬತ್ತಕ್ಕೆ ಮಲಗುವ ಅಭ್ಯಾಸವಿರುವ ಹಿರಿಯರು ತಟ್ಟೆ ಹಿಡಿದು ಬಫೆಯ ಸಾಲಿನಲ್ಲಿ ನಿಂತು, ನೂಡಲ್ಸು, ಪನೀರು, ಗೋಬಿಗಳನ್ನು ದಾಟಿ, ಕೊನೆಯಲ್ಲಿ ಒಂದು ಹಿಡಿ ಮೊಸರನ್ನ ಹಾಕಿಸಿಕೊಂಡು ಬಂದು ಕೂರುತ್ತಾರೆ. ಆ ಮೊಸರನ್ನದ ತಟ್ಟೆಗೂ, ಮೂರು ಸಲ ಬಡಿಸಿಕೊಂಡ ಹುಡುಗನ ತಟ್ಟೆಗೂ ಒಂದೇ ದರ. ತಲಾ ಇಷ್ಟು ಎಂಬ ಲೆಕ್ಕದ ನಿಜವಾದ ತೊಡಕು ಇಲ್ಲಿದೆ: ಕುಟುಂಬ ದೊಡ್ಡದಾದಷ್ಟೂ, ಅದರಲ್ಲಿ ಹಿರಿಯರು ಹೆಚ್ಚಿದಷ್ಟೂ, ಬಳಸದ ವಸ್ತುವಿಗೆ ಕೊಡುವ ಹಣ ಹೆಚ್ಚುತ್ತದೆ. ಕೊಠಡಿಗೆ ಇಷ್ಟು ಎಂದು ಬಾಡಿಗೆ ಹೇಳುವ ಸ್ಥಳಗಳಲ್ಲಿ ಈ ತೊಂದರೆಯಿಲ್ಲ.

ನಿಮ್ಮ ಅತ್ತೆ ಮಾವ ಇಬ್ಬರೂ ತಮಗೇನು ಬೇಕೆಂದು ಸ್ಪಷ್ಟವಾಗಿಯೇ ಹೇಳಿದ್ದಾರೆ. ಹಿರಿಯರ "ನನಗೆ ಇಲ್ಲೇ ಚೆನ್ನಾಗಿದೆ" ಎಂಬ ಮಾತು ಕೆಲವೊಮ್ಮೆ ಸಂಕೋಚದಿಂದಲೂ ಬರುತ್ತದೆ, ಆದ್ದರಿಂದ ನಿಮ್ಮ ಯಜಮಾನರೇ ಒಮ್ಮೆ ಕೂತು ಕೇಳಲಿ. ಆಗಲೂ ಅದೇ ಮಾತು ಬಂದರೆ ಅದನ್ನು ನಂಬಬೇಕು. ಅತ್ತೆಯವರ ಆಸೆಯನ್ನು ಪೂರೈಸಲು ರೆಸಾರ್ಟ್ ಬೇಕಿಲ್ಲ. ಭೋಗನಂದೀಶ್ವರನ ದೇವಾಲಯ ಬೆಟ್ಟದ ಮೇಲಿಲ್ಲ, ಕೆಳಗೆ ನಂದಿ ಗ್ರಾಮದಲ್ಲಿದೆ. ಬೆಟ್ಟದ ತುದಿಯಲ್ಲಿರುವುದು ಯೋಗನಂದೀಶ್ವರ. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಮೂರು ಗುಡಿಗಳೂ ಒಂದೇ ಆವರಣದಲ್ಲಿರುವುದರಿಂದ ಮಂಡಿನೋವಿನವರು ನಿಧಾನವಾಗಿ ಕೂತು ಎದ್ದು ನೋಡಬಹುದು. ಕಲ್ಯಾಣಿಯ ಮೆಟ್ಟಿಲನ್ನು ಮಾತ್ರ ಅವರು ಇಳಿಯದಿರಲಿ, ಮೇಲಿನ ಮಂಟಪದಿಂದಲೇ ಚೆನ್ನಾಗಿ ಕಾಣುತ್ತದೆ. ಬೇರೆ ಒಂದು ದಿನ, ಬಿಸಿಲೇರುವ ಮೊದಲು ಹೊರಟು, ದಾರಿಯಲ್ಲಿ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆಯನ್ನೂ ನೋಡಿಕೊಂಡು ಊಟದ ಹೊತ್ತಿಗೆ ಮನೆ ಸೇರಬಹುದು. ನೋಡಿದವರು ಏನೆಂದಾರು ಎಂಬ ನಿಮ್ಮ ಯಜಮಾನರ ಚಿಂತೆಗೆ ಇದಕ್ಕಿಂತ ಒಳ್ಳೆಯ ಸಮಾಧಾನ ನನಗೆ ತೋಚುವುದಿಲ್ಲ. ಬಲವಂತವಾಗಿ ಕರೆದೊಯ್ದು, ಕೊಠಡಿಯಿಂದ ಊಟದ ಮನೆಗೆ ಏರುದಾರಿಯಲ್ಲಿ ಅತ್ತೆಯವರನ್ನು ನಡೆಸುವುದಂತೂ ಯಾರ ಕಣ್ಣಿಗೂ ಚೆಂದವಲ್ಲ.

ಇನ್ನು ನಿಮ್ಮ ವಿಚಾರ. ಪತ್ರದಲ್ಲಿ ಎಲ್ಲರ ಬೇಕು ಬೇಡಗಳನ್ನು ಬರೆದು, ನಿಮ್ಮ ಬಗ್ಗೆ ಒಂದೇ ವಾಕ್ಯವನ್ನು ಕೊನೆಯಲ್ಲಿ ಸೇರಿಸಿದ್ದೀರಿ. ನನ್ನ ಮಟ್ಟಿಗೆ ಈ ಖರ್ಚನ್ನು ಸಮರ್ಥಿಸುವ ಬಲವಾದ ಕಾರಣ ಅದೊಂದೇ. ಮಕ್ಕಳಿಗೆ ಬೇಕಾದ ನೀರಾಟ ಅದೇ ದರಪಟ್ಟಿಯಲ್ಲಿರುವ ಡೇ ಔಟ್‌ನಲ್ಲೂ ಸಿಗುತ್ತದೆ: ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ದೊಡ್ಡವರಿಗೆ 1,700, ಮಕ್ಕಳಿಗೆ 850 ರೂಪಾಯಿ. ಕೊಳದಲ್ಲಿ ಕಳೆಯುವ ಹೊತ್ತನ್ನು ಎಣಿಸಿದರೆ ಒಂದು ರಾತ್ರಿ ತಂಗುವವರಿಗಿಂತ ಡೇ ಔಟ್‌ನವರಿಗೇ ಹೆಚ್ಚು ಸಿಗುತ್ತದೆ. ಆದರೆ ಡೇ ಔಟ್‌ಗೆ ಹೋದ ದಿನ ನೀವು ಐದಕ್ಕೇ ಎದ್ದು ಮನೆಯಲ್ಲಿರುವವರ ಅಡುಗೆ ಮುಗಿಸಿ ಹೊರಡಬೇಕು, ಸಂಜೆ ಬಂದು ಒದ್ದೆ ಬಟ್ಟೆ ಒಗೆದು ಮತ್ತೆ ಒಲೆಯ ಮುಂದೆ ನಿಲ್ಲಬೇಕು. ಮರುದಿನ ಬೆಳಿಗ್ಗೆ ಹಾಲು ಕಾಯಿಸುವ ಚಿಂತೆಯಿಲ್ಲದೆ ಏಳುವುದು, ಯಾರೋ ತಂದುಕೊಟ್ಟ ಕಾಫಿಯನ್ನು ಬಿಸಿಯಿರುವಾಗಲೇ ಕುಡಿಯುವುದು, ಅದಕ್ಕಾಗಿ ಒಂದು ರಾತ್ರಿ ತಂಗಲೇಬೇಕು.

ಎರಡು ರಾತ್ರಿ ಏಕೆ ಬೇಡವೆನ್ನುತ್ತೇನೆ? ತಂಗುವುದು ಹೆಚ್ಚಾದಷ್ಟೂ ಮಧ್ಯದಲ್ಲಿ ಒಂದು ಇಡೀ ದಿನ ಸಿಗುತ್ತದೆ, ಅದು ನಿಜ; ಎಂಟು ಗಂಟೆ ಪ್ರಯಾಣ ಮಾಡಿ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋಗುವವರಿಗೆ ಎರಡು ರಾತ್ರಿಯೇ ಸರಿ. ನಿಮಗದು ಒಂದೂವರೆ ಗಂಟೆಯ ದಾರಿ. ಏಪ್ರಿಲ್, ಮೇ ತಿಂಗಳಲ್ಲಿ ಈ ಬಯಲುಸೀಮೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ತಲೆ ಹಾಕುವಂತಿಲ್ಲ, ಆ ಇಡೀ ದಿನದ ಬಹುಪಾಲು ಎ.ಸಿ. ಹಾಕಿಕೊಂಡು ಟಿ.ವಿ. ನೋಡುವುದರಲ್ಲೇ ಕಳೆಯುತ್ತದೆ.

ದರಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಸೋಮವಾರದಿಂದ ಗುರುವಾರದವರೆಗೆ ದೊಡ್ಡವರಿಗೆ 3,200, ಮಕ್ಕಳಿಗೆ 1,600 ಎಂದಿದೆ. ಶಾಲೆಗೆ ರಜೆಯಿರುವಾಗ ವಾರಾಂತ್ಯವನ್ನೇ ಕಾಯುವ ಅಗತ್ಯ ಮಕ್ಕಳಿಗಿಲ್ಲ. ಮುಂಗಾರು ಹಿಡಿಯುವ ಮುನ್ನ ಏಪ್ರಿಲ್‌ನಲ್ಲಿ ಗೊಬ್ಬರದ ಅಂಗಡಿಯನ್ನು ಒಂದೂವರೆ ದಿನ ಹುಡುಗರ ಕೈಗೆ ಬಿಡುವುದೂ ಅಷ್ಟೇನು ಕಷ್ಟವಾಗಲಾರದು. ನೀವು ನಾಲ್ವರೇ, ನಾದಿನಿ ಮನೆಯಲ್ಲಿರುವ ದಿನಗಳಲ್ಲಿ, ಒಂದು ರಾತ್ರಿಗೆ ಹೋದರೆ 11,200 ರೂಪಾಯಿ. ಎರಡು ಕೊಠಡಿ ಪಡೆದರೆ ಒಂದಕ್ಕೆ 5,600 ಆಗಿ ತೆರಿಗೆ ಶೇ 5ಕ್ಕೆ ಇಳಿಯುತ್ತದೆ, ಒಟ್ಟು 11,760. ನಾಲ್ವರನ್ನೂ ಒಂದೇ ಕೊಠಡಿಗೆ ಸೇರಿಸಿದರೆ ಬಾಡಿಗೆ ಮಿತಿ ಮೀರಿ ಶೇ 18 ಆಗುವುದರಿಂದ, ಎರಡು ಕೊಠಡಿ ಬೇಕೆಂದು ಮೊದಲೇ ಹೇಳಿ. ಈ ಮೊತ್ತಕ್ಕೆ ಹೋಗಿಬನ್ನಿ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. 54 ಸಾವಿರಕ್ಕೆ ಹೇಳಲಾರೆ.

ಮುಂಗಡ ಕೊಡುವ ಮೊದಲು ಕೇಳಬೇಕಾದ ಕೆಲವು ಮಾತುಗಳಿವೆ. ವಾರದ ದಿನಗಳಲ್ಲಿ ದರವೇನೋ ಕಡಿಮೆ, ಆದರೆ ಬೆಂಗಳೂರಿನ ಕಂಪನಿಗಳು ನೌಕರರನ್ನು ಬಸ್ಸುಗಟ್ಟಲೆ ಕರೆತರುವುದೂ ಆ ದಿನಗಳಲ್ಲೇ. ನೂರು ಜನರ ತಂಡ ಕೊಳವನ್ನೂ ಡಿಜೆಯನ್ನೂ ಹಿಡಿದುಕೊಂಡಿದ್ದರೆ ನಿಮ್ಮ ವಿರಾಮ ಅಲ್ಲಿಗೆ ಮುಗಿಯಿತು. ನೀವು ಹೋಗುವ ದಿನ ಅಂಥ ತಂಡವೋ ಮದುವೆಯೋ ಇದೆಯೇ ಎಂದು ಕೇಳಿ. ಕೊಳದ ಬಳಿ ಜೀವರಕ್ಷಕರು ಇರುತ್ತಾರೆಯೇ, ಮಕ್ಕಳಿಗೆ ಪ್ರತ್ಯೇಕ ಕೊಳವಿದೆಯೇ ಎಂಬುದನ್ನು ಕೇಳಿ ತಿಳಿಯಿರಿ; ಜೀವರಕ್ಷಕರಿದ್ದರೂ ಏಳು ವರ್ಷದ ಮಗಳು ನೀರಿನಲ್ಲಿರುವಷ್ಟು ಹೊತ್ತು ಅವಳ ತಂದೆ ಕೈಗೆಟಕುವ ದೂರದಲ್ಲಿರಲಿ, ಮೊಬೈಲು ಕೊಠಡಿಯಲ್ಲೇ ಇರಲಿ. ರದ್ದು ಮಾಡಿದರೆ ಮುಂಗಡದಲ್ಲಿ ಎಷ್ಟು ವಾಪಸು, ಒಟ್ಟು ಬಿಲ್ಲು ತೆರಿಗೆ ಸೇರಿ ಎಷ್ಟು ಎಂಬೆರಡನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಬಿಲ್ಲಿನ ಮೇಜಿನ ಬಳಿ ಯಾರಿಗೂ ನೆನಪಿರುವುದಿಲ್ಲ.

ಬಿಲ್ಲಿನಲ್ಲಿ ಸೇವಾಶುಲ್ಕವೆಂದು ತಾವಾಗಿಯೇ ಸೇರಿಸಿದ್ದರೆ ತೆಗೆಸಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲೇ ಇದನ್ನು ನಿಷೇಧಿಸಿ ಮಾರ್ಗಸೂಚಿ ಹೊರಡಿಸಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ನೀರಿನ ಬಾಟಲಿಯ ವಿಚಾರದಲ್ಲಿ ಮಾತ್ರ ಜಗಳ ಬೇಡ. ಹೋಟೆಲುಗಳು ಅದಕ್ಕೆ ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಮನೆಯಿಂದಲೇ ಒಂದು ಕ್ಯಾನು ಒಯ್ಯಿರಿ.

25 ವರ್ಷದ ಸದಸ್ಯತ್ವ ಬೇಡ. ಹೋದರೂ ಹೋಗದಿದ್ದರೂ ವರ್ಷವರ್ಷವೂ ನಿರ್ವಹಣಾ ಶುಲ್ಕ ಕಟ್ಟಬೇಕಾಗುವ ಇಂಥ ಯೋಜನೆಗಳಲ್ಲಿ ಶಾಲೆಯ ರಜೆಯ ದಿನಗಳಿಗೇ ಕೊಠಡಿ ಸಿಗುವುದು ಕಷ್ಟ, ಮತ್ತು ಎಂಟು ವರ್ಷಗಳಲ್ಲಿ ನಿಮ್ಮ ಮಗನಿಗೆ ಇಪ್ಪತ್ತೊಂದಾಗುತ್ತದೆ; ಆಗ ಅವನು ನಿಮ್ಮೊಡನೆ ಈ ಕೊಳಕ್ಕೆ ಬರುತ್ತಾನೆಂದು ನನಗನ್ನಿಸುವುದಿಲ್ಲ. ಅಲ್ಲಿರುವಾಗ ಉಚಿತ ಊಟದ ಕೂಪನ್ ತೋರಿಸಿ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಈ ಮಾತು ತೆಗೆದರೆ, ಮನೆಯಲ್ಲಿ ಹಿರಿಯರಿದ್ದಾರೆ, ಅವರನ್ನು ಕೇಳಬೇಕು ಎಂದು ಎದ್ದುಬನ್ನಿ.

ವಾರದ ದಿನದ ದರ ಬೇಸಿಗೆ ರಜೆಗೆ ಅನ್ವಯಿಸುವುದಿಲ್ಲವೆಂದು ಅವರು ಹೇಳುವ ಸಾಧ್ಯತೆಯೂ ಇದೆ. ಹಾಗಾದರೆ ಅಪ್ಪ, ಮಗ, ಮಗಳು ಮೂವರೇ ಡೇ ಔಟ್‌ಗೆ ಹೋಗಿಬರಲಿ. ತೆರಿಗೆ ಬಿಟ್ಟು 4,250 ರೂಪಾಯಿಗೆ ಅವರ ದಿನ ಮುಗಿಯುತ್ತದೆ. ಒದ್ದೆ ಬಟ್ಟೆಗಳನ್ನು ಅವರೇ ಒಗೆದು ಹರವಲಿ. ನಾದಿನಿಯವರು ಬಂದಿರುವ ದಿನವನ್ನೇ ಅದಕ್ಕೆ ಆರಿಸಿ, ಮೂರು ಹೊತ್ತಿನ ಅಡುಗೆಯನ್ನು ಅವರಿಗೊಪ್ಪಿಸಿ, ನೀವು ತವರಿಗೋ ಗೆಳತಿಯ ಮನೆಗೋ ಹೋಗಿ ಮರುದಿನ ಬನ್ನಿ.

– ಸಂಪಾದಕರು